ಮೊಡವೆಯೆಂದು ನಾನು ತಪ್ಪು ತಿಳಿದ ಗುಳ್ಳೆಗಳು

14 ವರ್ಷದ ಹುಡುಗಿ. ಕೆನ್ನೆ, ಗಲ್ಲದ ತುಂಬ ಕೆಂಪು ಗುಳ್ಳೆ. ಹೊರಗೆ ಜನ ಕಾಯುತ್ತಿದ್ದರು. ಮೊಡವೆ ಎಂದುಕೊಂಡು ಅಡಾಪಲೀನ್ ಎಂಬ ಮೊಡವೆಯ ಮುಲಾಮು ಬರೆದುಕೊಟ್ಟೆ. ಹತ್ತೇ ದಿನಕ್ಕೆ ತಾಯಿಯೊಡನೆ ಮರಳಿ ಬಂದಳು. ಮುಖ ಉರಿಯುತ್ತಿತ್ತು. ದುಪಟ್ಟಾ ಸರಿಸಲೂ ಒಪ್ಪಲಿಲ್ಲ.

ಅಂದು ಕಿಟಕಿಯ ಬಳಿ ಕೂರಿಸಿಕೊಂಡು ನೋಡಿದೆ. ರಾಗಿ ಚೆಲ್ಲಿದಂತೆ ಎಲ್ಲವೂ ಒಂದೇ ಗಾತ್ರದ ಗುಳ್ಳೆಗಳು. ಮೊಡವೆ ಹಾಗಿರುವುದಿಲ್ಲ. ಅದರಲ್ಲಿ ರಂಧ್ರ ಕಟ್ಟಿಕೊಂಡ ಬಿಳಿ ಗಂಟು, ಕಪ್ಪು ಚುಕ್ಕೆ, ಕೆಂಪು ಗುಳ್ಳೆ, ಕೀವು ಎಲ್ಲ ಬೆರೆತಿರುತ್ತವೆ. ಇಲ್ಲಿ ಬಿಳಿ ಗಂಟು, ಕಪ್ಪು ಚುಕ್ಕೆ ಒಂದೂ ಇರಲಿಲ್ಲ. ಬದಲಿಗೆ ಕೆನ್ನೆಯಲ್ಲಿ ಕೂದಲೆಳೆಯಂಥ ರಕ್ತನಾಳಗಳು ಕಾಣುತ್ತಿದ್ದವು.

“ಮುಖಕ್ಕೆ ಏನು ಹಚ್ಚುತ್ತಿದ್ದೀಯಮ್ಮ?”

ತಾಯಿ ಚೀಲದಿಂದ ಟ್ಯೂಬ್ ತೆಗೆದರು. “ಬೆಳ್ಳಗಾಗಲಿ ಎಂದು ಅವಳ ಚಿಕ್ಕಮ್ಮ ಕೊಟ್ಟಿದ್ದು ಡಾಕ್ಟರೇ. ಆರು ತಿಂಗಳಾಯಿತು.”

ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಸುಲಿಸುವ ಟ್ರೆಟಿನಾಯಿನ್ ಮೂರೂ ಬೆರೆತ ಮುಲಾಮು. ಗುಳ್ಳೆಗಳು ಎದ್ದದ್ದು ಆ ಸ್ಟೀರಾಯ್ಡ್ ದೆಸೆಯಿಂದ. ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮಕ್ಕೆ ನಾನು ಮತ್ತಷ್ಟು ಕೆರಳಿಸುವ ಔಷಧ ಕೊಟ್ಟಿದ್ದೆ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು.

ಎರಡನ್ನೂ ನಿಲ್ಲಿಸಿದೆ. ಮೊದಲ ಕೆಲವು ವಾರ ಮುಖ ಇನ್ನೂ ಕೆಂಪಾಗುತ್ತದೆ, ಹೆದರಿ ಮತ್ತೆ ಟ್ಯೂಬ್ ಮುಟ್ಟಬಾರದು ಎಂದು ಚೀಟಿಯಲ್ಲೇ ಬರೆದೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಮೂರನೇ ದಿನಕ್ಕೆ ಹಳೆಯ ಮುಲಾಮಿಗೆ ಮರಳುತ್ತಾರೆ, ಏಕೆಂದರೆ ಹಚ್ಚಿದೊಡನೆ ಕೆಂಪು ಇಳಿಯುತ್ತದೆ. ಸುಗಂಧವಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕೆಲವು ವಾರ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟೆ. ಮುಖ ತಿಳಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಆದರೂ ಅವು ಕೇಳಿದವರ ಕೈ ಸೇರುತ್ತಲೇ ಇವೆ. ಇದು ನನ್ನನ್ನು ತುಂಬ ನೋಯಿಸುತ್ತದೆ.

ನಿಜವಾದ ಮೊಡವೆಯಾದರೆ ಅಡಾಪಲೀನ್ ಒಳ್ಳೆಯ ಔಷಧವೇ. ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ, ಮೊದಲು ದಿನ ಬಿಟ್ಟು ದಿನ ರಾತ್ರಿ ಹಚ್ಚಿಸುತ್ತೇನೆ. ಗುಳ್ಳೆಯ ಮೇಲಷ್ಟೇ ಚುಕ್ಕೆಯಿಟ್ಟರೆ ಸಾಲದು. ಬೆಳಿಗ್ಗೆ ಮೊಡವೆಯ ರೋಗಾಣು ಕೊಲ್ಲುವ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್. ಇದು ಟವೆಲಿನ ಬಣ್ಣ ತೆಗೆಯುತ್ತದೆಂದು ತಾಯಂದಿರಿಗೆ ಹೇಳಿಬಿಡುತ್ತೇನೆ. ಗುಣ ಕಾಣಲು 8ರಿಂದ 12 ವಾರ ಬೇಕು. ಒಂದು ವರ್ಷ ದಾಟಿದ, ಏಳು ವರ್ಷದೊಳಗಿನ ಮಗುವಿಗೆ ಮೊಡವೆ ಬಂದರೆ ಮಾತ್ರ ಮುಲಾಮಿಗೆ ಮೊದಲು ಎತ್ತರ ಅಳೆದು, ಹಾರ್ಮೋನ್ ಏರುಪೇರಿನ ಗುರುತು ಹುಡುಕುತ್ತೇನೆ.

ಕಳೆದ ತಿಂಗಳು ಆ ಚಿಕ್ಕಮ್ಮನೂ ಬಂದಿದ್ದರು, ತಾವು ಹಚ್ಚುತ್ತಿದ್ದ ಟ್ಯೂಬ್ ಹಿಡಿದುಕೊಂಡು.