ಕಾಫಿ ಕಣದಿಂದ ಮರಳುಗಾಡಿಗೆ: ಮನೆಮಂದಿಯೊಂದಿಗೆ ನಡೆಯುವುದು ಹೇಗೆ?

ತಡಿಯಂಡಮೋಳ್ ಹತ್ತಿಳಿದವರಿಗೆ ಮರುಭೂಮಿ ಯಾವ ಲೆಕ್ಕ ಎಂದುಕೊಂಡೇ ನಾವು ಜೈಸಲ್ಮೇರ್‌ಗೆ ಹೊರಟಿದ್ದೆವು. 1748 ಮೀಟರ್ ಎತ್ತರದ ಆ ಬೆಟ್ಟವನ್ನು ಎಂಟು ವರ್ಷದ ಮಗಳೂ ತಕರಾರಿಲ್ಲದೆ ಏರಿದ್ದಳು. ಇಲ್ಲಿ ನೆಲ ಬಹುತೇಕ ಚಪ್ಪಟೆ, ದೂರ ನಾಲ್ಕೇ ಕಿಲೋಮೀಟರ್. ಆದರೂ ಮೊದಲ ದಿನ ಅರ್ಧ ದಾರಿಗೇ ಹಿಂದಿರುಗಬೇಕಾಯಿತು. ಕಾಲು ಸೋತಿರಲಿಲ್ಲ, ನೀರು ಮುಗಿದಿತ್ತು. ಮುಂದಿನ ತಿರುವಿನಲ್ಲಿ ತೊರೆ ಸಿಗುತ್ತದೆ ಎಂಬ ಧೈರ್ಯದಲ್ಲಿ ಬಾಟಲಿ ಬರಿದು ಮಾಡುವುದು ಕೊಡಗಿನವರ ಹುಟ್ಟುಗುಣ.

ಮಳೆಯನ್ನು ಇಂಚಿನಲ್ಲಿ ಬರೆದಿಡುವ ನಮಗೆ ಒಂದು ಲೆಕ್ಕ ಸಾಕು. ಜೈಸಲ್ಮೇರ್‌ನ ವರ್ಷದ ಮಳೆ ಎಂಟು ಇಂಚಿನ ಆಸುಪಾಸು. ಭಾಗಮಂಡಲದಲ್ಲಿ ಆಟಿ ತಿಂಗಳ ಒಂದೆರಡು ದಿನಕ್ಕೆ ಅಷ್ಟು ಸುರಿದುಹೋಗುತ್ತದೆ.

ಯಾವಾಗ, ಎಲ್ಲಿ?

ನವೆಂಬರ್‌ನಿಂದ ಫೆಬ್ರವರಿ. ಅದೇ ನಮ್ಮ ಕಾಫಿ ಕೊಯ್ಲಿನ ಕಾಲ, ಏನು ಮಾಡುವುದು! ದಸರಾ ರಜೆಯಲ್ಲಿ ಹೋಗಿಬಿಡೋಣ ಎನ್ನಬೇಡಿ, ಅಕ್ಟೋಬರ್‌ನಲ್ಲಿ ಅಲ್ಲಿ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಹುತ್ತರಿ ಮುಗಿಸಿ, ಕಣದ ಉಸ್ತುವಾರಿಯನ್ನು ಯಾರಿಗಾದರೂ ಒಪ್ಪಿಸಿ, ಕ್ರಿಸ್‌ಮಸ್ ರಜೆಗೆ ಹೊರಡುವುದೇ ಮೇಲು.

ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ ಹರಡಿರುವ ಡೆಸರ್ಟ್ ನ್ಯಾಷನಲ್ ಪಾರ್ಕ್‌ನ ವಿಸ್ತೀರ್ಣ 3162 ಚದರ ಕಿ.ಮೀ., ಅಂದರೆ ಕೊಡಗಿನ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು. ಎಲ್ಲ ಕಡೆ ಮರಳ ದಿಬ್ಬಗಳಿರುತ್ತವೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ದಿಬ್ಬಗಳು ಐದರಲ್ಲೊಂದು ಪಾಲು ಮಾತ್ರ, ಉಳಿದದ್ದು ಕಲ್ಲುನೆಲ, ಹುಲ್ಲುಗಾವಲು, ಕುರುಚಲು. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಡಿ ಹತ್ತಿರವಾದ್ದರಿಂದ ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಅಭ್ಯಾಸ ಕಣದಲ್ಲೇ

ಹೊರಡುವ ಮೊದಲು ಮಧ್ಯಾಹ್ನದ ಹೊತ್ತು ಸಿಮೆಂಟಿನ ಕಾಫಿ ಕಣದಲ್ಲಿ ಮಕ್ಕಳನ್ನು ಅರ್ಧ ಗಂಟೆ ನಡೆಸಿ. ಅವರವರ ನೀರು ಅವರವರ ಬೆನ್ನ ಮೇಲಿರಲಿ. ನೆರಳಿಲ್ಲದ ನಡಿಗೆಯ ರುಚಿ ಗೊತ್ತಾಗುತ್ತದೆ. ನಮ್ಮ ತೋಟದ ದಾರಿಗಳಲ್ಲಿ ಸಿಲ್ವರ್ ಓಕ್ ಕೆಳಗೇ ಬೆಳೆದ ಮಕ್ಕಳಿಗೆ ಇದೇ ದೊಡ್ಡ ಪಾಠ.

ಉದ್ದ ತೋಳಿನ ತೆಳು ಹತ್ತಿ ಅಂಗಿ, ಅಗಲ ಅಂಚಿನ ಟೋಪಿ ಇಟ್ಟುಕೊಳ್ಳಿ. ರಾತ್ರಿಯ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು, ಸ್ವೆಟರ್ ಮರೆಯಬೇಡಿ. ಮಳೆಗಾಲ ಮುಗಿಯಿತೆಂದು ಅಟ್ಟಕ್ಕೆ ಸೇರಿಸಿದ ಜಿಗಣೆ ಸಾಕ್ಸ್ ಕೆಳಗಿಳಿಸಿ. ಜಿಗಣೆ ಬಾರದಂತೆ ನೇಯ್ದ ಆ ದಟ್ಟ ಬಟ್ಟೆ ಮರಳನ್ನೂ ಶೂ ಒಳಗೆ ಬಿಡುವುದಿಲ್ಲ. ಅಂಗಡಿಯವರು ದುಬಾರಿ ಸಾಮಾನು ತೋರಿಸಿದರೆ ನಕ್ಕು ಬನ್ನಿ.

ನೀರಿನ ಲೆಕ್ಕ

ದೊಡ್ಡವರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಇಟ್ಟುಕೊಳ್ಳಿ. ಹೊರಡುವಾಗಲೇ ಮೂರು ಪಾಲು ಮಾಡಿ. ಒಂದು ಹೋಗಲು, ಒಂದು ಬರಲು, ಮೂರನೆಯದು ಮುಟ್ಟದೆ ಇಡಲು. ಮೊದಲ ಪಾಲು ಮುಗಿದಲ್ಲೇ ತಿರುಗಬೇಕು, ದಿಬ್ಬ ಎಷ್ಟೇ ಹತ್ತಿರ ಕಂಡರೂ ಸರಿ. ಆ ತಿಳಿ ಗಾಳಿಯಲ್ಲಿ ದೂರದ್ದೂ ಹತ್ತಿರ ಕಾಣುತ್ತದೆ. ಮಂಜಿನಲ್ಲಿ ಬೆಳೆದ ನಮ್ಮ ಕಣ್ಣಿಗಂತೂ ಮೋಸ ಖಂಡಿತ.

ಬೆವರು ಬರುತ್ತಿಲ್ಲ ಎಂದು ಮಗು ಹೇಳಿದರೆ ನಂಬಬೇಡಿ, ಒಣಗಾಳಿಗೆ ಅದು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಮಗಳ ಕೆನ್ನೆ ಮುಟ್ಟಿ ನೋಡಿದಾಗ ಕೈಗೆ ಒದ್ದೆ ಹತ್ತಲಿಲ್ಲ, ಉಪ್ಪಿನ ಹುಡಿ ಹತ್ತಿತು. ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಮೂತ್ರ ಗಾಢ ಹಳದಿಯಾದರೆ ನಡಿಗೆ ನಿಲ್ಲಿಸಿ ನೆರಳು ಹುಡುಕಿ. ಓಆರ್‌ಎಸ್ ಪೊಟ್ಟಣ, ಉಪ್ಪು ಹಚ್ಚಿದ ಕಡಲೆಕಾಯಿ, ನಮ್ಮದೇ ಕಿತ್ತಳೆ ಚೀಲದಲ್ಲಿರಲಿ. ಸಿಪ್ಪೆ ವಾಪಸ್ ಚೀಲಕ್ಕೇ ಹಾಕಿಕೊಳ್ಳಿ, ಆ ಒಣನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ.

ನಡೆಯುವಾಗ

ಸೂರ್ಯೋದಯಕ್ಕೆ ಹೊರಟು ಹತ್ತಕ್ಕೆ ಮರಳಿ. ಬೆಳಿಗ್ಗೆ ಶೂ ಕೊಡವಿಯೇ ಕಾಲಿಡಬೇಕು, ಚೇಳು ಅಡಗಿರಬಹುದು. ದಿಬ್ಬದಲ್ಲಿ ಗಾಳಿ ಬೀಸಿ ಬರುವ ಮಗ್ಗುಲು ಗಟ್ಟಿ, ಅಲೆ ಮೂಡಿದ ಆ ಮೈಯ ಮೇಲೆ ಹತ್ತಿ. ಇನ್ನೊಂದು ಮಗ್ಗುಲು ಕಡಿದಾಗಿ ಜಾರುತ್ತದೆ, ಇಳಿಯಲು ಮಾತ್ರ ಚೆಂದ. ಹೆಜ್ಜೆಗುರುತನ್ನು ಗಾಳಿ ಅಳಿಸುವುದರಿಂದ ಆಗಾಗ ಹಿಂದೆ ತಿರುಗಿ ನೋಡಿ, ವಾಪಸ್ ದಾರಿ ಹೇಗೆ ಕಾಣುತ್ತದೆ ಎಂದು ಮಕ್ಕಳನ್ನೇ ಕೇಳಿ. ಪೊದೆಯ ಬುಡಕ್ಕೆ ಕೈ ಹಾಕುವುದು ಬೇಡ, ಗರಗಸ ಮಂಡಲ ಹಾವಿನ ನಾಡು ಅದು.

ಅಲ್ಲಿ ಖೇಜ್ರಿ ಎಂದು ಕರೆಯುವ ಮರ ನಮ್ಮ ಬನ್ನಿಯೇ. ಎಕ್ಕವೂ ಸಿಗುತ್ತದೆ. ಅತ್ತೆಯವರು ಬನ್ನಿ ಮರ ಕಂಡದ್ದೇ ಕೈ ಮುಗಿದರು, ಮಾರ್ಗದರ್ಶಿಯೂ ಮುಗಿದ. ರಾಜಸ್ಥಾನದ ರಾಜ್ಯಪಕ್ಷಿ ಗೋಡಾವಣ್, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಂಡರೆ ಇದ್ದಲ್ಲೇ ನಿಲ್ಲಿ. ಅದು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ, ಅಳಿವಿನ ಅಂಚಿನಲ್ಲಿದೆ. ಫೋಟೊಕ್ಕಾಗಿ ಹತ್ತಿರ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಬಾಚಣಿಗೆ ಇಟ್ಟುಕೊಳ್ಳಿ. ಅಲ್ಲಿನ ಹುಲ್ಲಿನ ಮುಳ್ಳುಕಾಯಿ ಉಣ್ಣೆಗೆ ಅಂಟಿದರೆ ಕೈಯಲ್ಲಿ ಕೀಳುವಂತಿಲ್ಲ, ಬೆರಳಿಗೇ ಚುಚ್ಚಿಕೊಳ್ಳುತ್ತದೆ. ಅತ್ತೆಯವರ ಶಾಲಿನಿಂದ ಕೊನೆಯ ಕಾಯಿ ಹೊರಬಂದದ್ದು ನಾವು ವಿರಾಜಪೇಟೆಗೆ ಮರಳಿ ಮೂರು ವಾರವಾದ ಮೇಲೆ.