ಕಿವಿ ಕೇಳ್ಸದ ಡ್ಯಾನ್ಸರ್‌ಗೆ ಸೊಂಟದಲ್ಲಿ ತಾಳ: ಬೆಲ್ಟ್ ಮಾಡಿದ ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಮೃದಂಗದ ಪೆಟ್ಟನ್ನ ಕಂಪನ ಮಾಡಿ ಸೊಂಟಕ್ಕೆ ಮುಟ್ಸೋ ನಮ್ಮ ಬೆಲ್ಟ್ ಕೆಲ್ಸ ಮಾಡ್ತು. ಹುಟ್ಟಿದಾಗಿಂದ ಕಿವಿ ಕೇಳ್ಸದ ಹುಡುಗಿ ಜಯನಗರದ ಡ್ಯಾನ್ಸ್ ಕ್ಲಾಸಲ್ಲಿ ಲೈವ್ ಮೃದಂಗಕ್ಕೆ ತಿಶ್ರ ಅಲರಿಪು (ಮೂರರ ಎಣಿಕೆಯ ಭರತನಾಟ್ಯದ ಶುರುವಿನ ನೃತ್ಯ) ಪೂರ್ತಿ ಮಾಡಿದ್ಲು, ಗುರುಗಳ ಕಡೆ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ, ಕೊನೇ ಪೆಟ್ಟು ಕರೆಕ್ಟಾಗಿ ಸಮಕ್ಕೆ, ಅಂದ್ರೆ ತಾಳದ ಆವರ್ತ ಶುರುವಾಗೋ ಪೆಟ್ಟಿಗೆ, ಬಿತ್ತು. ಕಾಲೇಜಲ್ಲಿ ಮೊದಲ್ನೇ ರಿವ್ಯೂಗೆ ಹೋದಾಗ "ಇದಕ್ಕೆಲ್ಲಾ ಹಾರ್ಡ್‌ವೇರ್ ಯಾಕ್ರೀ, ಆ್ಯಪ್ ಮಾಡಿ ಬೀಟ್‌ಗೆ ಲೈಟ್ ಫ್ಲ್ಯಾಶ್ ಮಾಡ್ಸಿ ಸಾಕು" ಅಂದಿದ್ರು. ಅವ್ರು ಹೇಳಿದ್ರಲ್ಲಾ ಅಂತ ಸ್ಟೇಜ್ ಪಕ್ಕ ಎಲ್‌ಇಡಿ ಪಟ್ಟಿ ಇಟ್ಟೂ ನೋಡಿದ್ವಿ. ಆದ್ರೆ ಭರತನಾಟ್ಯದಲ್ಲಿ ಕೈ ಹೋದ ಕಡೆ ಕಣ್ಣು ಹೋಗ್ಬೇಕು, ಆ ಕಣ್ಣನ್ನೇ ಲೈಟ್ ಕಾಯೋಕೆ ಹಾಕ್ಬಿಟ್ರೆ ಅಭಿನಯ ಎಲ್ಲಿಂದ ಬರತ್ತೆ? ತಾಳ ಮೈಗೇ ಮುಟ್ಬೇಕು ಅನ್ನೋ ಹಠ ಅಲ್ಲೇ ಶುರುವಾಗಿದ್ದು.

ಎಲ್ರೂ ಮೊದ್ಲು ಮಾಡೋದೇ ನಾವೂ ಮಾಡಿದ್ವಿ, ಐಎನ್‌ಎಂಪಿ441 ಅನ್ನೋ ಪುಟ್ಟ ಮೈಕ್, ಇಎಸ್‌ಪಿ32 ಅನ್ನೋ ವೈರ್‌ಲೆಸ್ ಇರೋ ಕಂಟ್ರೋಲರ್ ಚಿಪ್, ಎಫ್‌ಎಫ್‌ಟಿ ಮಾಡಿ ಅಂದ್ರೆ ಸದ್ದನ್ನ ಬೇರೆ ಬೇರೆ ಫ್ರೀಕ್ವೆನ್ಸಿ ಬ್ಯಾಂಡ್‌ಗಳಾಗಿ ಒಡೆದು, ಬ್ಯಾಂಡ್‌ಗೊಂದರಂತೆ ಎಂಟು ಕಾಯಿನ್ ಮೋಟರ್ (ಕಂಪನ ಕೊಡೋ ನಾಣ್ಯದಂಥ ಮೋಟರ್). ಡೆಮೋದಲ್ಲಿ ನೋಡೋಕೆ ಚೆನ್ನಾಗಿತ್ತು, ಮೈಗೆ ಕಟ್ಕೊಂಡ್ರೆ ಬರೀ ಗಿಜಿಬಿಜಿ. ಚರ್ಮಕ್ಕೆ ಚೆನ್ನಾಗಿ ಗೊತ್ತಾಗೋದು 250 ಹರ್ಟ್ಸ್ ಆಸುಪಾಸು, ಸಾವಿರ ದಾಟಿದ್ರೆ ಹೆಚ್ಚುಕಮ್ಮಿ ಏನೂ ಇಲ್ಲ, ಇನ್ನು ಎಂಟು ಬ್ಯಾಂಡ್ ಬಿಡ್ಸಿ ಓದು ಅಂದ್ರೆ ಅದು ಹೇಗೆ ಓದತ್ತೆ. ಸಾಲದ್ದಕ್ಕೆ ಮೈಕ್‌ಗೆ ಮೃದಂಗಕ್ಕಿಂತ ಗೆಜ್ಜೆ ಸದ್ದೇ ಜಾಸ್ತಿ ಸಿಗ್ತಿತ್ತು, ಅಂದ್ರೆ ಅವಳ ಹೆಜ್ಜೆನೇ ಅವಳಿಗೆ ತಾಳ ಅಂತ ವಾಪಸ್ ಬರ್ತಿತ್ತು! ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಓಡಾಡಿ ತಂದ ಸಾಮಾನು, ಸುಟ್ಟ ಬೋರ್ಡು ಎಲ್ಲಾ ಸೇರಿ ಒಂದೊಂಬತ್ತು ಸಾವಿರ ಇದ್ರಲ್ಲೇ ಹೋಯ್ತು, ಮೂರು ಜನ ಹಂಚ್ಕೊಂಡ್ವಿ.

ಕಾಯಿನ್ ಮೋಟರ್‌ದು ಇನ್ನೊಂದು ರೋಗ. ತೂಕ ತಿರುಗಿ ವೇಗ ಹಿಡಿಯೋಕೆ ಐವತ್ತು ಮಿಲಿಸೆಕೆಂಡ್ ಮೇಲೆ ಬೇಕು, ನಿಲ್ಲೋಕೆ ಇನ್ನೂ ಜಾಸ್ತಿ. ನಿಮಿಷಕ್ಕೆ 80 ಅಕ್ಷರ (ತಾಳದ ಎಣಿಕೆ), ಅಕ್ಷರಕ್ಕೆ ನಾಲ್ಕು ಪೆಟ್ಟು ಅಂದ್ರೆ ಪೆಟ್ಟಿಂದ ಪೆಟ್ಟಿಗೆ 187 ಮಿಲಿಸೆಕೆಂಡ್, ಅಲ್ಲೀವರ್ಗೂ ಹೇಗೋ ನಡೀತು, ದುಪ್ಪಟ್ಟು ಮಾಡಿದ ತಕ್ಷಣ ತಕಧಿಮಿ ಎಲ್ಲಾ ಅಂಟ್ಕೊಂಡು ಒಂದೇ ಗುಯ್ ಅನ್ನೋಕೆ ಶುರು. ಎಲ್‌ಆರ್‌ಎ (ತಿರುಗೋ ಬದ್ಲು ತೂಕ ಹಿಂದೆ ಮುಂದೆ ಅಲುಗಾಡೋ ಕಂಪನದ ಮೋಟರ್) ಹಾಕಿ ಅದನ್ನ ನಡೆಸೋ ಡಿಆರ್‌ವಿ2605ಎಲ್ ಡ್ರೈವರ್ ಚಿಪ್ ಕೊಟ್ಮೇಲೆ ಪೆಟ್ಟು ಪೆಟ್ಟಾಗಿ ಬಂತು, ಆ ಚಿಪ್ ಶುರುಲಿ ಜೋರಾಗಿ ತಳ್ಳಿ ಕೊನೇಲಿ ತಾನೇ ಬ್ರೇಕ್ ಹಾಕತ್ತೆ. ಆ ಚಿಪ್‌ಗಳಿಗೆಲ್ಲಾ ಒಂದೇ ಐ2ಸಿ ಅಡ್ರೆಸ್ (ಐ2ಸಿ ಅಂದ್ರೆ ಚಿಪ್‌ಗಳು ಮಾತಾಡ್ಕೊಳ್ಳೋ ಎರಡು ತಂತಿ), ದಾರಿ ಬದಲಾಯ್ಸೋ ಟಿಸಿಎ9548ಎ ಚಿಪ್ ಇಲ್ದೆ ಒಂದೇ ಐ2ಸಿ ಲೈನ್‌ಗೆ ಎರಡು ಹಾಕೋಕಾಗಲ್ಲ, ಮರೀಬೇಡಿ. ಒಳ್ಳೇ ಎಲ್‌ಆರ್‌ಎ ಎಸ್‌ಪಿ ರೋಡಲ್ಲಿ ಬಿಡಿಯಾಗಿ ಸಿಗ್ಲಿಲ್ಲ, ಮೊಬೈಲ್ ರಿಪೇರಿ ಅಂಗಡೀಲಿ ಹಳೇ ಫೋನ್‌ಗಳಿಂದ ಬಿಚ್ಚಿಸ್ಕೊಂಡ್ವಿ, ಒಂದಕ್ಕೆ ಐವತ್ತು ಅರವತ್ತು ಕೊಟ್ಟಿರ್ಬೇಕು.

ಮೈಕ್ ಕಿತ್ತಾಕಿ ಮೃದಂಗಕ್ಕೇ ಪೀಜೋ (ಕಂಪನ ಹಿಡಿಯೋ ತೆಳ್ಳನೆ ಸೆನ್ಸರ್) ಹಾಕಿದ್ವಿ, ಎಡಕ್ಕೊಂದು ಬಲಕ್ಕೊಂದು. ವಿದ್ವಾನ್‌ರು "ಏನಪ್ಪಾ, ನಾದ ಕೆಡಲ್ವಾ ಇದ್ರಿಂದ" ಅಂತ ಒಪ್ಲೇ ಇಲ್ಲ, ಚರ್ಮ ಮುಟ್ಟಲ್ಲ ಸರ್ ಅಂತ ಅಂಟಿಸಿ ತೋರ್ಸಿದ್ಮೇಲೆ ಅವ್ರೇ ಎಲ್ಲಿ ಕೂರ್ಸಿದ್ರೆ ತೊಂದ್ರೆ ಇಲ್ಲ ಅಂತ ಹೇಳ್ಕೊಟ್ರು. ಆ ಜಾಗ ಎಲ್ಲಿ, ಎಡಗೈ ಪೆಟ್ಟು ಬಲದ ಪೀಜೋಗೂ ಕೇಳ್ಸತ್ತಲ್ಲ ಅದನ್ನ ಕೋಡಲ್ಲಿ ಹೇಗೆ ಬಿಡ್ಸಿದೀವಿ, ಎರಡೂ ಸದ್ಯಕ್ಕೆ ಹೇಳಲ್ಲ, ಅದ್ರ ಮೇಲೇ ನಮ್ದು ನಿಂತಿರೋದು. ಎಡ ಪೆಟ್ಟು ಎಡ ಸೊಂಟಕ್ಕೆ, ಬಲದ್ದು ಬಲಕ್ಕೆ, ನಟುವಾಂಗದ (ಗುರುಗಳು ಕೈತಾಳ ಹಾಕಿ ನಡೆಸೋದು) ತಾಳದ ಪೆಟ್ಟು ಬೆನ್ನ ಮಧ್ಯಕ್ಕೆ. ಅಷ್ಟೇ, ರಾಗ ಗೀಗ ಏನೂ ಕಳ್ಸಲ್ಲ. ಪೆಟ್ಟನ್ನ ಬೆಲ್ಟ್‌ಗೆ ಕಳ್ಸೋಕೆ ಬ್ಲೂಟೂತ್ ಲೇಟು, ಇಎಸ್‌ಪಿ ಚಿಪ್‌ಗಳು ನೇರ ಮಾತಾಡೋ ಇಎಸ್‌ಪಿ ನೌ ವೈರ್‌ಲೆಸ್‌ನಲ್ಲಿ ಕೆಲವೇ ಮಿಲಿಸೆಕೆಂಡಲ್ಲಿ ತಲುಪತ್ತೆ.

ಬೆಲ್ಟ್‌ಗೆ ಜೀವ ಬಂದಿದ್ದು ಮಾತ್ರ ಆ ಹುಡುಗಿಯಿಂದ. ನಾವು ಹೊಟ್ಟೆ ಮೇಲಿಟ್ಟಿದ್ವಿ, ಅವಳು ಮೂಳೆ ಮೇಲಿಡಿ ಅಂತ ಕೈ ಹಿಡ್ದು ಜಾಗ ತೋರ್ಸಿದ್ಲು. ಆಮೇಲೆ ಒಂದಿನ ವಾಟ್ಸಾಪಲ್ಲಿ "ಪೆಟ್ಟು ಬಂದ್ಮೇಲೆ ನಾನು ಕಾಲು ಎತ್ತೋದು, ಯಾವಾಗ್ಲೂ ಹಿಂದೆ ಬೀಳ್ತೀನಿ" ಅಂತ ಬರ್ದಿದ್ಲು. ಕೇಳೋರಿಗೆ ಸಮ ಬರ್ತಾ ಇದೆ ಅಂತ ಮುಂಚೆನೇ ಗೊತ್ತಾಗತ್ತೆ, ಅವಳಿಗೂ ಅದು ಸಿಗ್ಬೇಕು. ಈಗ ನಟುವಾಂಗದ ವೇಗ ಅಳೆದು ಸಮಕ್ಕೆ ಸ್ವಲ್ಪ ಮೊದ್ಲು ಬೆನ್ನಲ್ಲಿ ಮೆತ್ತಗೆ ಏರೋ ಕಂಪನ ಕೊಡ್ತೀವಿ. ಎಷ್ಟು ಮೊದ್ಲು ಅನ್ನೋದನ್ನ ನಿಮ್ಮ ಡ್ಯಾನ್ಸರ್ ಜೊತೆ ಕೂತು ನೀವೇ ಹುಡುಕ್ಬೇಕು.

ಮಧ್ಯೆ ಕಾಲಿಗೂ ಕೈ ಹಾಕಿದ್ವಿ. ಸ್ಕಾಟ್ಲೆಂಡಿನ ಈವ್ಲಿನ್ ಗ್ಲೆನಿ, ಕಿವಿ ಕೇಳ್ಸಲ್ಲ, ಬರಿಗಾಲಲ್ಲಿ ನಿಂತು ತಾಳವಾದ್ಯ ನುಡಿಸ್ತಾರೆ, ನಮ್ಮ ಡ್ಯಾನ್ಸರ್‌ಗಳೂ ಬರಿಗಾಲೇ ಅಲ್ವಾ ಅಂತ ಪ್ಲೈವುಡ್ ಕೆಳಗೆ ಬಾಸ್ ಶೇಕರ್ (ಹಲಗೆನೇ ಅಲುಗಾಡ್ಸೋ ಸ್ಪೀಕರ್‌ನಂಥದ್ದು) ಕಟ್ಟಿದ್ವಿ. ತಟ್ಟಡವು, ಅಂದ್ರೆ ಕಾಲು ತಟ್ಟೋ ಹೆಜ್ಜೆ, ಹಾಕಿದ್ರೆ ಅವಳ ತಟ್ಟಲ್ಲೇ ಕಂಪನ ಮುಳುಗೋಗತ್ತೆ, ಡ್ಯಾನ್ಸರ್‌ಗೆ ಆಗ್ಲಿಲ್ಲ. ಅದೇ ಹಲಗೆ ಮೇಲೆ ಕಿವಿ ಕೇಳ್ಸದ ಮಕ್ಕಳನ್ನ ಕೂರ್ಸಿ ಡೊಳ್ಳು ಬಾರ್ಸಿದ್ರೆ ಎಷ್ಟು ಖುಷಿ ಪಟ್ರು ಅಂದ್ರೆ ಎದ್ದೇಳೋಕೇ ರೆಡಿ ಇಲ್ಲ, ಡೊಳ್ಳಿಗಂತೂ ಸರ್ಕ್ಯೂಟೇ ಬೇಡ, ಹಲಗೆಗೆ ಒರಗ್ಸಿದ್ರೆ ಸಾಕು. ಯಕ್ಷಗಾನದ ಚೆಂಡೆ ಇನ್ನೂ ಆಗಿಲ್ಲ, ಪೆಟ್ಟು ಅಷ್ಟು ಒತ್ತೊತ್ತಾಗಿ ಬರತ್ತೆ.

ಈಗ ಒಂದು ಬೆಲ್ಟ್‌ಗೆ ಎರಡೂವರೆ ಸಾವಿರದೊಳಗೆ ಮುಗಿಯತ್ತೆ. ಹೊರದೇಶದ ಹ್ಯಾಪ್ಟಿಕ್ ಜಾಕೆಟ್ (ಸಂಗೀತನ ಮೈಗೆ ಕಂಪನವಾಗಿ ಕೊಡೋ ಜಾಕೆಟ್) ರೇಟ್ ನೋಡಿದ್ರೆ ಇದು ಏನೇನೂ ಅಲ್ಲ, ಡಾಬಿನ ಒಳಗಡೆ ಕೂರತ್ತೆ, ಹೊರಗಡೆ ಕಾಣೋದೂ ಇಲ್ಲ. ಮಾಡೋರು ಬೆವರಿನ ಬಗ್ಗೆ ಹುಷಾರು, ಸೋಲ್ಡರ್ ಜಾಯಿಂಟ್‌ಗೆಲ್ಲಾ ಹೀಟ್‌ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕಿ, ಲಿಥಿಯಂ ಸೆಲ್‌ನ ಪ್ರೊಟೆಕ್ಷನ್ ಬೋರ್ಡ್ ಜೊತೆ ಬೇರೆ ಡಬ್ಬಿಲಿ ಇಡಿ, ಮೈಮೇಲಿದ್ದಾಗ ಚಾರ್ಜ್‌ಗೆ ಹಾಕ್ಲೇಬೇಡಿ.