ಲಂಡನ್ನಿನಲ್ಲಿ ಮಗುವನ್ನು ಬ್ಯಾಲೆಗೆ ಸೇರಿಸುವ ಮುನ್ನ: ಬೆಂಗಳೂರಿನಿಂದ ಹೊರಟವರಿಗೆ

ಬೆಂಗಳೂರಿನ ಮನೆಗಳಲ್ಲಿ ಮಗುವನ್ನು ಭರತನಾಟ್ಯಕ್ಕೆ ಸೇರಿಸಿದ ಕೆಲವೇ ವರ್ಷಗಳಲ್ಲಿ ರಂಗಪ್ರವೇಶದ ಲೆಕ್ಕಾಚಾರ ಶುರುವಾಗುತ್ತದೆ. ಸಭಾಂಗಣದ ಬಾಡಿಗೆ, ಪಕ್ಕವಾದ್ಯದವರ ಸಂಭಾವನೆ, ರೇಷ್ಮೆಯ ಉಡುಪು, ಬಂದವರಿಗೆ ಊಟ ಎಲ್ಲ ಸೇರಿ ಲಕ್ಷಗಳಾದರೂ ಅದು ಒಂದು ದಿನಕ್ಕೆ ಮುಗಿಯುವ ಖರ್ಚು. ಚೀಟಿ ಎತ್ತಿಯೋ ಠೇವಣಿ ಮುರಿಸಿಯೋ ಹೊಂದಿಸುತ್ತೇವೆ. ಲಂಡನ್ನಿನಲ್ಲಿ ಮಗಳನ್ನು ಬ್ಯಾಲೆಯಲ್ಲಿ ಬೆಳೆಸಿ ಈಗ ಬಸವನಗುಡಿಗೆ ಮರಳಿರುವ ನನ್ನನ್ನು, ಅಲ್ಲಿಗೆ ಹೊರಟ ತಂದೆತಾಯಂದಿರು ಒಟ್ಟು ಎಷ್ಟಾಗುತ್ತದೆ ಎಂದೇ ಕೇಳುತ್ತಾರೆ. ಬ್ಯಾಲೆಗೆ ಅಂಥ ಒಟ್ಟು ಮೊತ್ತವಿಲ್ಲ, ಖರ್ಚು ಮುಗಿಯುವ ದಿನವೂ ಇಲ್ಲ.

ಆರಂಭದ ವಾರದ ತರಗತಿಗಳೂ, 1920ರಲ್ಲಿ ಸ್ಥಾಪನೆಯಾದ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಪರೀಕ್ಷೆಗಳೂ ಕೈಗೆಟಕುವಂಥವೇ. ಮಗು ಹನ್ನೊಂದು ಹನ್ನೆರಡರ ಹೊತ್ತಿಗೆ ಕಾಲ್ಬೆರಳ ತುದಿಯ ಮೇಲೆ ನಿಲ್ಲತೊಡಗಿದಾಗ ಲೆಕ್ಕ ಬದಲಾಗುತ್ತದೆ. ಅಜ್ಜಿ ಕಟ್ಟಿದ ಗೆಜ್ಜೆಯನ್ನು ಮೊಮ್ಮಗಳೂ ಕಟ್ಟಬಹುದು, ಆದರೆ ಹಾಗೆ ನಿಲ್ಲಲು ತೊಡುವ ಪಾಯಿಂಟ್ ಶೂ ತಂಗಿಗೂ ಬರುವುದಿಲ್ಲ. ಅದರ ಮೂತಿಯನ್ನು ಬಟ್ಟೆ, ಕಾಗದ ಮತ್ತು ಅಂಟಿನ ಪದರಗಳಿಂದ ಕಟ್ಟಿರುತ್ತಾರೆ. ಬೆವರಿಗೆ, ಭಾರಕ್ಕೆ ಅದು ಮೆತ್ತಗಾದ ಮೇಲೆ ತೊಡುವುದು ಪಾದಕ್ಕೇ ಅಪಾಯ. ತೀವ್ರ ತರಬೇತಿಯಲ್ಲಿ ಒಂದು ಜೊತೆ ಕೆಲವೇ ವಾರ ಬಾಳುತ್ತದೆ. ದೊಡ್ಡ ಬ್ಯಾಲೆ ಕಂಪನಿಗಳು ತಮ್ಮ ನರ್ತಕಿಯರಿಗೆ ಶೂ ಕೊಡುತ್ತವೆ. ಅಲ್ಲಿಗೆ ತಲುಪುವವರೆಗಿನ ಪ್ರತಿಯೊಂದು ಜೊತೆಯ ಹಣವೂ ಮನೆಯದು.

ರಾಯಲ್ ಬ್ಯಾಲೆ ಸ್ಕೂಲ್ ಹನ್ನೊಂದನೆಯ ವಯಸ್ಸಿನಿಂದಲೇ ಮಕ್ಕಳನ್ನು ರಿಚ್ಮಂಡ್ ಪಾರ್ಕಿನಲ್ಲಿರುವ ತನ್ನ ಕಿರಿಯರ ಶಾಲೆ ವೈಟ್ ಲಾಡ್ಜ್‌ಗೆ ಸೇರಿಸಿಕೊಳ್ಳುತ್ತದೆ. ಅಂಥ ಆಯ್ದ ಶಾಲೆಗಳ ಶುಲ್ಕಕ್ಕೆ ಸರ್ಕಾರದ ಮ್ಯೂಸಿಕ್ ಆಂಡ್ ಡಾನ್ಸ್ ಸ್ಕೀಮ್ ನೆರವಾಗುತ್ತದೆಯಾದರೂ ನೆರವಿನ ಪ್ರಮಾಣ ಕುಟುಂಬದ ಆದಾಯವನ್ನು ಅವಲಂಬಿಸಿರುತ್ತದೆ; ವೀಸಾ ಮತ್ತು ವಾಸದ ಷರತ್ತುಗಳನ್ನು ಆಯ್ಕೆ ಪರೀಕ್ಷೆಗೆ ಮೊದಲೇ ಓದಿಕೊಳ್ಳಿ. ಪ್ರವೇಶ ಸಿಕ್ಕಿತೆಂದರೆ ದಾರಿ ಭದ್ರವಾಯಿತೆಂದೂ ಅಲ್ಲ. ಬೆಳೆಯುವ ದೇಹ ಹೇಗೆ ತಿರುಗುತ್ತದೆಂದು ಯಾರೂ ಹೇಳಲಾರರು, ಹದಿನಾರರಲ್ಲಿ ಮತ್ತೆ ಆಯ್ಕೆ ನಡೆಯುತ್ತದೆ, ಕಣಕಾಲಿನ ಒಂದು ಪೆಟ್ಟಿಗೆ ವರ್ಷವೇ ಹೋಗಬಹುದು. ಪ್ಯಾರಿಸ್ ಒಪೇರಾದಂಥ ದೊಡ್ಡ ಸಂಸ್ಥೆಯಲ್ಲೂ ಬ್ಯಾಲೆ ನರ್ತಕರಿಗೆ 42ಕ್ಕೆ ನಿವೃತ್ತಿ. ಆದ್ದರಿಂದ ಇರುವ ಹಣವನ್ನೆಲ್ಲ ತರಬೇತಿಗೆ ಸುರಿಯದೆ, ಮಗು ನಡುವೆ ಬೇರೆ ಓದಿಗೆ ಹೊರಳಿದರೆ ಬೇಕಾಗುವಷ್ಟನ್ನು ಬೇರೆಯೇ ಇಡಿ. ಊರಿನ ನಿವೇಶನ ಮಾರುವ ಮಾತು ಬಂದರೆ ದಯವಿಟ್ಟು ತಡೆಯಿರಿ. ಒಡಹುಟ್ಟಿದ ಇನ್ನೊಂದು ಮಗುವಿನ ಪಾಲೂ ಆ ಹಣದಲ್ಲಿದೆ ಎಂಬುದು ಬ್ಯಾಲೆಯ ಮನೆಗಳಲ್ಲಿ ಬಹಳ ಬೇಗ ಮರೆತುಹೋಗುತ್ತದೆ.

ಹಣದ ಜೊತೆ ಹೋಗುವುದು ಸಮಯ. ಅಲ್ಲಿನ ಕನ್ನಡ ಶಾಲೆಗಳು ನಡೆಯುವುದೂ ವಾರಾಂತ್ಯದಲ್ಲಿ, ಬ್ಯಾಲೆಯ ದೀರ್ಘ ತರಗತಿಗಳಿರುವುದೂ ವಾರಾಂತ್ಯದಲ್ಲಿ. ಎರಡರಲ್ಲಿ ಯಾವುದು ಉಳಿಯುತ್ತದೆಂದು ನಮ್ಮ ಮನೆಯಲ್ಲಿ ಕಂಡಿದ್ದೇನೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಜ್ಜಿತಾತಂದಿರನ್ನು ನೋಡಲು ಬೆಂಗಳೂರಿಗೆ ಬರಬಹುದಾದ ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಬೇಸಿಗೆಯ ತೀವ್ರ ಶಿಬಿರಗಳಿರುತ್ತವೆ. ವಿಮಾನದ ಟಿಕೆಟ್ಟಿಗೆಂದು ಎತ್ತಿಟ್ಟ ಹಣವೇ ಎಷ್ಟೋ ಮನೆಗಳಲ್ಲಿ ಶಿಬಿರದ ಶುಲ್ಕವಾಗುತ್ತದೆ. ಶಿಬಿರಕ್ಕೆ ಅರ್ಜಿ ತುಂಬುವ ಮುನ್ನ ಊರಿಗೆ ಬರುವ ವಾರಗಳನ್ನು ಗೊತ್ತುಮಾಡಿ, ಟಿಕೆಟ್ಟನ್ನು ಮೊದಲು ಕೊಳ್ಳಿ.